ಹಸುವಿನ ವ

ಪ್ರಮಾಣಪತ್ರ ಬಂದಿದೆ ಅಂಚೆಯಲ್ಲಿ.
ಮೂರು ತಿಂಗಳು ಯಶಸ್ವಿಯಾಗಿ ಮುಗಿಸಿದ್ದೇನಂತೆ.
ಯೆರ್ಕಾ ಎಂಬಲ್ಲಿ ಕೆ ಬದಲು ಸಿ ಹಾಕಿದ್ದಾರೆ.
ಓದಿದರೆ ನಾನೇ, ನೋಡಿದರೆ ಬೇರೆ ಯಾರೋ.
ಫೋನು ಮಾಡಿ ತಿದ್ದಿಸಬಹುದು.
ಮಾಡಲಾರೆ. ಹೆಸರು ಕೇಳಲೆಂದು
ಒಂದು ಸಲ ಫೋನು ಮಾಡಿದವಳು ನಾನು.

ಪುಂತಾ ಅರೇನಾಸ್.
ಭೂಪಟದ ಕೆಳಗಡೆ ಹೊಲಿಗೆ ಬಿಚ್ಚಿಹೋದ ಜಾಗ.
ಗಾಳಿ ಎದ್ದ ದಿನ ಪೇಟೆಬೀದಿಗೆ ಹಗ್ಗ ಕಟ್ಟುತ್ತಾರೆ,
ಜನ ಹಿಡಿದುಕೊಂಡು ನಡೆಯಲಿ ಎಂದು.
ನಮ್ಮ ಚಾನೆಲ್ಲು ಹಳೇ ಉಣ್ಣೆ ಗೋದಾಮಿನ ಮಹಡಿಯಲ್ಲಿ;
ಹೀಟರು ಹಾಕಿದರೆ ಗೋಡೆಯಿಂದ
ಇವತ್ತಿಗೂ ಕುರಿ ವಾಸನೆ.

ಮೊದಲ ವಾರ ಕಲಿತದ್ದು ಇಷ್ಟು:
ದೋನ್ ಒಸ್ವಾಲ್ದೋ ಕಾಫಿಗೆ ಮೂರು ಚಮಚ ಸಕ್ಕರೆ.
ಮಾನ್ಸಿಲ್ಲಾನ ಟ್ರೈಪಾಡು ಯಾರೂ ಮುಟ್ಟಕೂಡದು.
ಗಂಭೀರ ಮುಖದ ನಿರೂಪಕಿ
ಮೇಜಿನಡಿ ಮೊಲದ ಕಿವಿಯ ಚಪ್ಪಲಿಯಲ್ಲಿರುತ್ತಾಳೆ.
ಮೇಯರ ರಿಬ್ಬನ್ನಿಗೆ ನಲವತ್ತು ಸೆಕೆಂಡು,
ಸತ್ತವನಿಗೆ ಇಪ್ಪತ್ತು,
ಕಳೆದುಹೋಗಿ ಸಿಕ್ಕ ನಾಯಿಗೆ ಪೂರಾ ಒಂದು ನಿಮಿಷ.

ನನಗೆ ಕೊಟ್ಟದ್ದು ಪರದೆಯ ಕೆಳಗಿನ ಪಟ್ಟಿ,
ಮಾತಾಡುವವರ ಎದೆಯ ಮೇಲೆ ಮೂಡುವ ಹೆಸರು.
‘ಸುದ್ದಿ ತಪ್ಪಾದರೆ ಜನ ಮರೀತಾರೆ ಹುಡುಗೀ,’
ದೋನ್ ಒಸ್ವಾಲ್ದೋ ಹೇಳಿದ್ದರು,
‘ಹೆಸರು ತಪ್ಪಾಯಿತೋ,
ಅಜ್ಜಿಯಂದಿರು ಮೆಟ್ಟಿಲು ಹತ್ತಿ ಬರ್ತಾರೆ.’

ಆಗಸ್ಟ್, ನಮ್ಮ ಕಡೆಯ ಕಡುಚಳಿ.
ಏಡಿ ಹಿಡಿಯಲು ಹೋದ ದೋಣಿಯೊಂದು ಮಗುಚಿತು.
ಮೂವರು ದಡ ಸೇರಿದರು.
ನಾಲ್ಕನೆಯವನನ್ನು ದಡಕ್ಕೆ ತಂದರು.
ಮಾನ್ಸಿಲ್ಲಾ ರೇಡಿಯೋದಲ್ಲಿ ಕೇಳಿ
ಸಿಗರೇಟು ಪ್ಯಾಕಿನ ಮೇಲೆ ಗೀಚಿ ತಂದ ಹೆಸರು:
ವಾಲ್ದೆಮಾರ್ ನಾವೆಲ್ಕಿನ್.
ಅಥವಾ ಬಾಲ್ದೆಮಾರ್.

ನಮ್ಮ ಬಾಯಲ್ಲಿ ಬ, ವ ಎರಡಕ್ಕೂ ಒಂದೇ ಸದ್ದು.
ಆಡುವಾಗ ಯಾರೂ ತಪ್ಪುವುದಿಲ್ಲ,
ಬರೆಯಹೊರಟಾಗಲೇ ಕೈ ನಡುಗುವುದು.
ಅದಕ್ಕೇ ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಾರೆ:
ಬುರ್ರೋ ಎಂದರೆ ಕತ್ತೆ, ಅದರದೊಂದು ಬ.
ವಾಕಾ ಎಂದರೆ ಹಸು, ಅದರದೊಂದು ವ.

‘ಕೇಳಿ ಖಚಿತ ಮಾಡಿಕೋ,’ ಎಂದರು, ತಲೆ ಎತ್ತದೆ.
ಮೀನುಗಾರರ ಸಂಘದ ಪಟ್ಟಿಯಲ್ಲಿ ನಂಬರಿತ್ತು.
ಎರಡನೇ ರಿಂಗಿಗೇ ಎತ್ತಿದಳು.

‘ನನ್ನ ಮಗನದಾ? ಹಸುವಿನ ವ, ಕಂದಾ.
ಎಲ್ಲರೂ ಕತ್ತೆಯದೇ ಬರೀತಾರೆ,
ಮತದಾರರ ಪಟ್ಟಿಯಲ್ಲೂ ಅವನು ಕತ್ತೆಯೇ.’
ನಕ್ಕಳು. ಕೆಮ್ಮಿದಳು.
‘ಏನು, ಸಂಘದ ಲಾಟರಿಯಲ್ಲಿ ಅವನಿಗೆ ಫ್ರಿಜ್ಜು ಬಂತಾ?’

ಆಗ ಕೇಳಿಸಿತು ನನಗೆ:
ಅವಳ ಮನೆಯಲ್ಲಿ ಟೀವಿ. ನಮ್ಮದೇ ಚಾನೆಲ್ಲು.
ಇಲ್ಲಿ ಗಾಜಿನಾಚೆ ಹವಾಮಾನದ ಹುಡುಗ
ಗಂಟೆಗೆ ನೂರಾಹತ್ತು ಕಿಲೋಮೀಟರು ಅಂದ;
ನಾಲ್ಕು ಸೆಕೆಂಡು ಬಿಟ್ಟು
ಅದೇ ನೂರಾಹತ್ತು ಅವಳ ಅಡುಗೆಮನೆಯಲ್ಲಿ.
ಇಲ್ಲಿ ಆಗಿಹೋದದ್ದು
ಅಲ್ಲಿ ಇನ್ನೂ ಆಗಬೇಕಿತ್ತು.
ಅಷ್ಟು ಹೊತ್ತು
ಅವಳ ಮಗ ಫ್ರಿಜ್ಜು ಗೆದ್ದವನು.

‘ಮತ್ತೆ ಮಾಡ್ತೀನಿ, ಸೆನ್ಯೋರಾ,’ ಎಂದೆ.
ಇಟ್ಟೆ.
ಇಡುವ ಮೊದಲು ಅವಳು ಹೇಳಿದ್ದು:
‘ದೊಡ್ಡ ಫ್ರಿಜ್ಜಾದರೆ ಬಾಗಿಲಲ್ಲಿ ಹಿಡಿಯಲ್ಲ ನೋಡು.’

ದೋನ್ ಒಸ್ವಾಲ್ದೋ ನನ್ನ ಮುಖ ನೋಡಿ ಏನೂ ಕೇಳಲಿಲ್ಲ.
ಬಗ್ಗಿ, ತಾವೇ ಹೆಸರು ಅಳಿಸಿ
‘ಒಬ್ಬ ಮೀನುಗಾರ’ ಎಂದು ಟೈಪು ಮಾಡಿದರು.
ಮಾನ್ಸಿಲ್ಲಾ ಕೋಟು ತೊಟ್ಟ; ಅವಳ ಬೀದಿಯವನೇ ಅವನು.
ಕ್ಯಾಮೆರಾ ಮೇಜಿನ ಮೇಲಿಟ್ಟು
ಟ್ರೈಪಾಡನ್ನು ನನ್ನ ಕೈಗೆ ಕೊಟ್ಟು
ಇಳಿದುಹೋದ.
ಅದನ್ನು ಎಲ್ಲಿಡಬೇಕೆಂದು ತಿಳಿಯದೆ
ಬುಲೆಟಿನ್ ಮುಗಿಯುವವರೆಗೂ ಹಿಡಿದೇ ನಿಂತಿದ್ದೆ.

ಮರುದಿನ ಹೆಸರು ಹೋಯಿತು. ಇಪ್ಪತ್ತು ಸೆಕೆಂಡು.
ಹಸುವಿನ ವ. ನಾನೇ ಹೊಡೆದೆ,
ಮೂರು ಸಲ ನೋಡಿ.
ಮೆಟ್ಟಿಲು ಹತ್ತಿ
ಯಾರೂ ಬರಲಿಲ್ಲ.